ನಾನೇ ಅದಲುಬದಲು ಮಾಡಿದ ರಿಬ್ಬನ್

ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಕಾಮೋಠೆಯ ರಿಕ್ಷಾ ಸ್ಟ್ಯಾಂಡಿನ ತನಕ ಹೋದವನು ವಾಪಸು ಬಂದು ನಾಲ್ಕನೆಯ ಸಲ ಜಗ್ಗುವ ಜಾತಿ ನನ್ನದು. ಅಂಥವನ ಕೈಗೆ, ರಬಾಳೆಯಲ್ಲಿ ಚೆಕ್ ಮುದ್ರಿಸುವ ನಮ್ಮ ಸಣ್ಣ ಕಂಪನಿಯವರು ಸ್ಟೋರಿನ ಕೀಲಿ ಕೊಟ್ಟಿದ್ದರು.

ಚೆಕ್ಕಿನ ಕೆಳ ಅಂಚಿನ ಸೊಟ್ಟ ಸೊಟ್ಟ ಅಂಕಿಗಳನ್ನು ಆಗ ನಮ್ಮಲ್ಲಿ ಡಾಟ್ ಪ್ರಿಂಟರ್ ಹೊಡೆಯುತ್ತಿತ್ತು. ಸೂಜಿಗಳು ರಿಬ್ಬನ್ನನ್ನು ಕುಟ್ಟಿದಂತೆ ಕಾಗದದ ಮೇಲೆ ಚುಕ್ಕಿಗೆ ಚುಕ್ಕಿ ಸೇರಿ ಅಂಕಿಯಾಗುತ್ತದೆ. ಆ ರಿಬ್ಬನ್ನಿನ ಶಾಯಿಯಲ್ಲಿ ಕಬ್ಬಿಣದ ಅಂಶವಿರುತ್ತದೆ. ಓದುವ ಯಂತ್ರ ಅಂಕಿಯನ್ನು ಗುರುತಿಸುವುದು ಅದರ ಅಯಸ್ಕಾಂತ ಗುಣದಿಂದ. ಸಾದಾ ಶಾಯಿಯಲ್ಲಿ ಹೊಡೆದರೆ ನಮ್ಮ ಕಣ್ಣಿಗೆ ಅದೇ ಅಂಕಿ, ಯಂತ್ರಕ್ಕೆ ಬರೀ ಕಾಗದ. ಬಿಲ್ಲು ಹೊಡೆಯಲೆಂದು ಅಗ್ಗದ ಸಾದಾ ರಿಬ್ಬನ್ನಿನ ಡಬ್ಬಿಯೂ ಸ್ಟೋರಿನಲ್ಲಿ ಇರುತ್ತಿತ್ತು.

ಒಂದು ಬೆಳಿಗ್ಗೆ ಚೆಕ್ಕುಗಳ ಇಡೀ ಕಟ್ಟು ಬ್ಯಾಂಕಿನಿಂದ ವಾಪಸು ಬಂತು. ಯಂತ್ರ ಒಂದನ್ನೂ ಓದಿರಲಿಲ್ಲ.

"ರಿಬ್ಬನ್ ಯಾರು ಬದಲಾಯಿಸಿದ್ದು? ಸಂಜೆಯೊಳಗೆ ಅವನ ನಾಮ್ ಚಾಹಿಯೇ. ಅವನು ನಾಳೆಯಿಂದ ಬರೋದು ಬೇಡ," ಎಂದರು ಸಾಹೇಬರು.

ನನಗೆ ಸಂಜೆಯವರೆಗೆ ಕಾಯುವ ಅಗತ್ಯವೇ ಇರಲಿಲ್ಲ. ಪ್ರಿಂಟರ್ ನಡೆಸುವವನು ಕಲಬುರಗಿಯವನು, ಎರಡು ಮಕ್ಕಳ ತಂದೆ. ಹಿಂದಿನ ವಾರವಷ್ಟೇ "ಈ ರಿಬ್ಬನ್ ಎಷ್ಟಕ್ಕ ಬರ್ತದ್ರಿ?" ಎಂದು ಕೇಳಿದ್ದ. ಸುಮ್ಮನೆ ಯಾರಾದರೂ ಕೇಳುತ್ತಾರೆಯೇ?

"ನೀವು ಡಬ್ಬಿ ಕೊಟ್ರಿ, ನಾ ಹಾಕ್ದೆ. ನನ್ನ ಮಾರಿ ಯಾಕ ಹಂಗ ನೋಡ್ಲಿಕತ್ತೀರಿ ಸರ್?" ಎಂದ ಅವನು. ಕೆಟ್ಟುಹೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ತಂದು ಪ್ರಿಂಟರಿನ ರಿಬ್ಬನ್ನಿಗೆ ಹಿಡಿದ. ಅದು ಅಲುಗಲಿಲ್ಲ. "ಇದು ಸಾದಾ ಅದರಿ. ಸ್ಟೋರ್ ತಗೀರಿ, ಎಲ್ಲಾ ಡಬ್ಬಿ ನೋಡೂಣು."

ತೆರೆದೆ. 'ಸಾದಾ' ಎಂದು ಬರೆದ ಡಬ್ಬಿಯೊಳಗಿನ ರಿಬ್ಬನ್ ಅಯಸ್ಕಾಂತದ ಕಡೆಗೆ ಮೆಲ್ಲಗೆ ಬಾಗಿತು.

ಆಗ ನೆನಪಾಯಿತು. ಅವನು ಬೆಲೆ ಕೇಳಿದ ದಿನವೇ, ಕಳ್ಳ ಬಂದರೆ ಅಗ್ಗದ್ದನ್ನೇ ಒಯ್ಯಲಿ ಎಂದು ಎರಡೂ ಡಬ್ಬಿಗಳ ಮಾಲನ್ನು ಅದಲುಬದಲು ಮಾಡಿಟ್ಟಿದ್ದವನು ನಾನೇ. ಗುಟ್ಟು ಎಷ್ಟು ಭದ್ರವಾಗಿತ್ತೆಂದರೆ, ನನಗೂ ನೆನಪಿರಲಿಲ್ಲ.

ಸುಳ್ಳೇಕೆ, ಸಂಜೆ ಸಾಹೇಬರ ಮುಂದೆ ನಿಂತಾಗಲೂ ಅವನ ಹೆಸರು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡು ನನ್ನದನ್ನು ಹೇಳಿದೆ.

"ಆಪ್? ಆಪ್ ತೋ ಎಲ್ಲರಿಗಿಂತ ಹುಷಾರ್ ಆದ್ಮಿ!"

"ಅದಕ್ಕೇ ಸಾಬ್," ಎಂದೆ.

ಸಾಹೇಬರು ನಕ್ಕುಬಿಟ್ಟಿದ್ದರಿಂದ ಕೆಲಸ ಉಳಿಯಿತು, ಕೀಲಿ ಉಳಿಯಲಿಲ್ಲ. ಅದು ಅವನ ಪಾಲಾಯಿತು. ಅಂದಿನಿಂದ ಪ್ರತಿ ರಿಬ್ಬನ್ನಿಗೂ ನನ್ನೆದುರೇ ಅಯಸ್ಕಾಂತ ಹಿಡಿದು, "ನೋಡ್ಕೋರಿ ಸರ್, ಆಮ್ಯಾಲ ಅನುಮಾನ ಬ್ಯಾಡ," ಎನ್ನುತ್ತಿದ್ದ.

ನಾನು ತಲೆಯಾಡಿಸುತ್ತಿದ್ದೆ. ಅವನು ಚಹಾಕ್ಕೆ ಹೋದ ಮೇಲೆ ಅದೇ ಅಯಸ್ಕಾಂತ ತೆಗೆದುಕೊಂಡು ಇನ್ನೊಮ್ಮೆ ಹಿಡಿದು ನೋಡುತ್ತಿದ್ದೆ.