ಏಳು ಗುಳಿಯ ಕಾವಲಿ

ಅವರ ಎದೆಯ ಮೇಲೆ ಒಂದು ಸಣ್ಣ ಗಡಿಯಾರ ತಲೆಕೆಳಗಾಗಿ ನೇತಾಡುತ್ತಿತ್ತು. ಪಿನ್ನಿನಿಂದ ಸಿಕ್ಕಿಸಿಕೊಂಡದ್ದು. ಎದುರು ನಿಂತ ನಮಗೆ ಹನ್ನೆರಡು ಇರಬೇಕಾದಲ್ಲಿ ಆರು, ಆರು ಇರಬೇಕಾದಲ್ಲಿ ಹನ್ನೆರಡು. ಅವರು ಎರಡು ಬೆರಳಲ್ಲಿ ಅದನ್ನು ಮೇಲೆತ್ತಿ, ತಲೆ ಬಗ್ಗಿಸಿ ನೋಡಿದರೆ ಮಾತ್ರ ಸರಿಯಾದ ಹೊತ್ತು ತಿಳಿಯುತ್ತಿತ್ತು. ಆಸ್ಪತ್ರೆಯ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಮನೆಯಲ್ಲಿ ಹೂವಿನ ನೈಟಿ ಹಾಕಿಕೊಂಡಿದ್ದರೂ ಆ ಗಡಿಯಾರ ಮಾತ್ರ ಅವರ ಎದೆಯಿಂದ ಇಳಿಯಲಿಲ್ಲ.

ಕಂಕನಾಡಿ ಮಾರ್ಕೆಟಿನ ಹಿಂದಿನ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ನರ್ಸ್ ಬಾಯಿ ಎನ್ನುತ್ತಿದ್ದರು; ಕೊಂಕಣಿ ಕ್ರೈಸ್ತ ಹೆಂಗಸರನ್ನು ನಮ್ಮಲ್ಲಿ ಬಾಯಿ ಎಂದೇ ಕರೆಯುವುದು. ನನ್ನ ಹೆಂಡತಿಗೂ ಮಗಳಿಗೂ ಬಾಯಮ್ಮ. ಅವರಿಗೆ ನಾನು ಅಣ್ಣ, ವಯಸ್ಸಿನಲ್ಲಿ ನಾನೇ ಎರಡು ವರ್ಷ ಸಣ್ಣವನಾದರೂ. ಅವರಿಗೆ ಮದುವೆಯಾಗಿರಲಿಲ್ಲ. ಇಲ್ಲಿ ಸ್ವಲ್ಪ ವರ್ಷ, ಗಲ್ಫಿನಲ್ಲಿ ಸ್ವಲ್ಪ ವರ್ಷ ದುಡಿದು, ಆ ಸಣ್ಣ ಮನೆ ಮಾಡಿಕೊಂಡಿದ್ದರು. ಅವರ ಅಡುಗೆಮನೆಯ ಬಾಗಿಲಿಗೂ ನಮ್ಮ ಹಿಂದಿನ ಜಗಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೆ.

ನಾನು ಬಂದರಿನ ದಕ್ಕೆಯಲ್ಲಿ, ದೋಣಿಗಳು ಬಂದು ನಿಲ್ಲುವಲ್ಲಿ, ಮೀನಿನ ಬುಟ್ಟಿ ಹೊತ್ತು ಬದುಕಿದವ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವ. ಇದನ್ನು ಬರೆಯುತ್ತಿರುವುದು ಮೊಮ್ಮಗಳ ಸಂತೋಷದಲ್ಲಿ. ಮೊನ್ನೆ ಅವಳನ್ನು ಎಲ್‌ಕೆಜಿಗೆ ಸೇರಿಸಿ ಬಂದೆವು. ಹೆಗಲಿಗಿಂತ ದೊಡ್ಡ ಚೀಲ, ಎರಡು ಜುಟ್ಟು, ಒಂದು ಕಾಲಿನ ಸಾಕ್ಸ್ ಕೆಳಗೆ. ಗೇಟಿನ ಒಳಗೆ ಹೋಗಿ ತಿರುಗಿ ಕೈ ಬೀಸಿದಳು ನೋಡಿ, ನನಗೆ ಅಲ್ಲಿಯೇ ಕುಣಿಯಬೇಕೆನಿಸಿತು. ದಾರಿಯಲ್ಲಿ ಸಿಕ್ಕಿದ ರಿಕ್ಷಾದವರಿಗೆ, ಬಾಳೆಹಣ್ಣಿನ ಅಂಗಡಿಯವರಿಗೆ, ಗುರುತಿಲ್ಲದ ಒಬ್ಬರಿಗೂ ಹೇಳಿಕೊಂಡು ಬಂದೆ. ಮನೆಗೆ ಬಂದು ಗೋಡೆಯ ಕಡೆ ನೋಡಿದೆ. ಮೊದಲು ಹೇಳಬೇಕಾದವರಿಗೆ ಹೇಳಲು ಇನ್ನು ಆಗುವುದಿಲ್ಲ.

ಆ ಗೋಡೆಯ ಮೇಲೆ ಒಂದು ಬೆಕ್ಕು ಕೂತುಕೊಳ್ಳುತ್ತಿತ್ತು, ಈಗಲೂ ಕೂತುಕೊಳ್ಳುತ್ತದೆ. ಕೆಂಪು ಬಣ್ಣದ್ದು, ಒಂದು ಕಿವಿ ಹರಿದದ್ದು. ಮರಿಯಾಗಿದ್ದಾಗ ಮಾರ್ಕೆಟಿನಿಂದ ನನ್ನ ಹಿಂದೆಯೇ ಬಂತು. ಮೀನಿನ ವಾಸನೆಗೆ ಬಂದದ್ದಿರಬೇಕು. ನಮ್ಮ ಮನೆಯಲ್ಲಿ ಅದು ತುಳುವಿನಲ್ಲಿ ಪುಚ್ಚೆ. ಆಚೆ ಮನೆಯಲ್ಲಿ ಕೊಂಕಣಿಯಲ್ಲಿ ಮಾಜರ್. ಎರಡು ಹೆಸರಿಗೂ ಓಡಿ ಬರುತ್ತಿತ್ತು.

ಕೆಲಸ ಬಿಟ್ಟ ಮೇಲೂ ನಾನು ಬೆಳಿಗ್ಗೆ ದಕ್ಕೆಗೆ ಹೋಗಿ ಬರುತ್ತಿದ್ದೆ. ಹಳೆಯ ಗುರುತಿನವರು ಒಂದು ಹಿಡಿ ಬೂತಾಯಿ ಮೀನು ಕೊಡುತ್ತಿದ್ದರು. ಅದನ್ನು ಬೇಯಿಸಿ, ಕುಚ್ಚಲಕ್ಕಿ ಅನ್ನದೊಂದಿಗೆ ಕಲಸಿ, ಒಂದು ಅಗಲ ತಟ್ಟೆಯಲ್ಲಿ ಗುಡ್ಡೆ ಹಾಕಿ ಇಡುತ್ತಿದ್ದೆ. ಬೆಕ್ಕು ತಲೆ ಎತ್ತದೆ ಗಬಗಬ ನುಂಗುತ್ತಿತ್ತು. ಎರಡು ನಿಮಿಷದಲ್ಲಿ ತಟ್ಟೆ ಖಾಲಿ. ಐದು ನಿಮಿಷದಲ್ಲಿ ಬೆನ್ನು ಬಿಲ್ಲಿನಂತೆ ಬಾಗಿಸಿ, ತಿಂದದ್ದನ್ನೆಲ್ಲ ಜಗಲಿಯಲ್ಲಿ ಕಕ್ಕುತ್ತಿತ್ತು. ಅನ್ನದ ಅಗುಳು ಅಗುಳಾಗಿಯೇ ಇರುತ್ತಿತ್ತು, ಮೀನು ಮೀನಾಗಿಯೇ. ಹೆಂಡತಿ ಬೈದುಕೊಂಡು ಬೂದಿ ಹಾಕಿ ಬಳಿಯುತ್ತಿದ್ದಳು. ನಾನು ಏನು ಮಾಡುತ್ತಿದ್ದೆ? ಅಯ್ಯೋ, ಹೊಟ್ಟೆ ಖಾಲಿಯಾಯಿತಲ್ಲ ಎಂದು ಇನ್ನೊಂದು ಗುಡ್ಡೆ ಹಾಕುತ್ತಿದ್ದೆ. ಅದನ್ನೂ ಕಕ್ಕುತ್ತಿತ್ತು.

ನರ್ಸ್ ಬಾಯಿ ಒಮ್ಮೆ ಅದನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಟವೆಲ್ ಕಟ್ಟಿ, ತಾವೇ ದನದ ಡಾಕ್ಟರರ ಹತ್ತಿರ ಕೊಂಡುಹೋದರು. ಹುಳದ ಮದ್ದು ಕೊಡಿಸಿದರು. ಬಂದು ಗೋಡೆಯ ಆಚೆಯಿಂದ ನನ್ನನ್ನು ಕರೆದರು.

"ರೋಗ ಇಲ್ಲ ಅಣ್ಣ ಇದಕ್ಕೆ. ಅವಸರ ಮಾತ್ರ. ಒಂದೇ ಸಲ ಅಷ್ಟು ಹಾಕಬೇಡಿ ಮಾರಾಯ್ರೆ. ಸ್ವಲ್ಪ ಸ್ವಲ್ಪ, ನಾಲ್ಕು ಸಲ ಹಾಕಿ."

"ನಾಲ್ಕು ಸಲ ಹಾಕ್ಲಿಕ್ಕೆ ಇದೆಂತ ನಿಮ್ಮ ವಾರ್ಡಿನ ಪೇಶೆಂಟಾ ಬಾಯಿ?"

"ಪೇಶೆಂಟೇ. ಮನುಷ್ಯ ಪೇಶೆಂಟ್ ಆದ್ರೆ 'ಸಾಕು ಸಿಸ್ಟರ್' ಅಂತ ಹೇಳ್ತಾರೆ. ಇದು ಹೇಳುದಿಲ್ಲ, ಕಕ್ಕಿ ತೋರಿಸ್ತದೆ."

ಅವರು ತಮ್ಮ ಕಡೆಯಲ್ಲಿ ಅದಕ್ಕೆ ಚಹಾದ ಚಮಚದಲ್ಲಿ ಹಾಕುತ್ತಿದ್ದರು. ಎರಡು ಚಮಚ. ಗಡಿಯಾರ ಎತ್ತಿ ನೋಡುವುದು. ಆಮೇಲೆ ಇನ್ನೆರಡು. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ನಾನು ಹುಟ್ಟಿದ್ದು ವಾಮಂಜೂರಿನ ಕಡೆ, ಬೇರೆಯವರ ಗದ್ದೆಯ ಬದಿಯ ಗುಡಿಸಲಲ್ಲಿ. ತಾಯಿ ಗಂಜಿಯನ್ನು ಸೌಟಿನಿಂದ ಅಳೆದು ಐದು ಮಕ್ಕಳಿಗೆ ಬಡಿಸುವಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ದುಡಿಯಲು ಶುರು ಮಾಡಿದ ಮೇಲೆ ನಾನು ಯಾರಿಗೆ ಬಡಿಸಿದರೂ ತುಂಬಿಸಿಯೇ ಬಡಿಸಿದವ. ಅಳೆದು ಹಾಕುವುದೆಂದರೆ ನನ್ನ ಕಣ್ಣಿಗೆ ಕಂಜೂಸಿತನ. ಒಮ್ಮೆ ಹೆಂಡತಿಯ ಹತ್ತಿರ ಹೇಳಿದೆ, ಆಚೆಗೆ ಕೇಳಲಿ ಎಂದೇ ಗಟ್ಟಿಯಾಗಿ: "ಚಮಚದಲ್ಲಿ ಹಾಕಿದ್ರೆ ಬೆಕ್ಕು ಬಿಡು, ಇಲಿ ಸಹ ಬದುಕ್ಲಿಕ್ಕಿಲ್ಲ."

ಆಚೆಯಿಂದ ನಗು ಕೇಳಿತು. "ಇಲಿಗೆ ನೀವು ಹಾಕಿ ಅಣ್ಣ. ಅದಾದ್ರೂ ಹೊಟ್ಟೆ ಒಡೆದು ಸಾಯ್ತದೆ."

ಅವರ ಚಮಚದ ಬೆಲೆ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಅದಕ್ಕೆ ಒಂದು ವರ್ಷ ಮೊದಲು ನನ್ನ ಹೆಂಡತಿಗೆ ಕಾಮಾಲೆ ಬಂದಿತ್ತು. ನೀರು ಸಹ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನರ್ಸ್ ಬಾಯಿ ಬೆಳಿಗ್ಗೆ ಬಂದು ಮಂಚದ ಬದಿಯಲ್ಲಿ ಕೂತರು. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ಎತ್ತಿ ನೋಡಿ ಎರಡು ಚಮಚ ಗಂಜಿತಿಳಿ ಕುಡಿಸಿದರು. ನಾನು ತಡೆಯಲಾರದೆ ದೊಡ್ಡ ಲೋಟ ತುಂಬ ಗಂಜಿ ತಂದೆ. ಅವರು ಕೈ ಅಡ್ಡ ಹಿಡಿದರು.

"ಅಣ್ಣಾ, ನಿಮ್ಮ ಪ್ರೀತಿ ಅಲ್ಲಿ ಮೇಜಿನ ಮೇಲೆ ಇಡಿ. ಚಮಚ ಮಾತ್ರ ಇಲ್ಲಿ ಕೊಡಿ."

ಮಧ್ಯಾಹ್ನದ ಹೊತ್ತಿಗೆ ಹೆಂಡತಿಯ ಹೊಟ್ಟೆಯಲ್ಲಿ ಅರ್ಧ ಲೋಟ ನಿಂತಿತು. ಆವತ್ತು ಅವರು ಇಗರ್ಜಿಗೆ ಹೋಗಲಿಲ್ಲ, ಭಾನುವಾರವಾದರೂ. ಇಷ್ಟೆಲ್ಲ ಕಣ್ಣಾರೆ ಕಂಡವ ನಾನು. ಆದರೂ ಬೆಕ್ಕಿನ ವಿಷಯದಲ್ಲಿ ಅವರ ಮಾತು ತಲೆಗೆ ಹೋಗಲಿಲ್ಲ.

ಒಂದು ದಿನ ಅವರು ಗೋಡೆಯ ಮೇಲೆ ಒಂದು ಕಾವಲಿ ತಂದಿಟ್ಟರು. ಗುಳಿಯಪ್ಪ ಹುಯ್ಯುವ ಹಳೆಯ ಕಬ್ಬಿಣದ ಕಾವಲಿ, ಏಳು ಗುಳಿಯದ್ದು.

"ಇದು ನಮ್ಮ ಅಮ್ಮನದ್ದು. ಪ್ರತಿ ಗುಳಿಗೆ ಒಂದೊಂದು ಚಮಚ ಹಾಕಿ. ಅದು ಒಂದು ಮುಗಿಸಿ ಇನ್ನೊಂದಕ್ಕೆ ಹೋಗ್ಬೇಕು. ಗಬಕ್ಕಂತ ಬಾಯಿ ಹಾಕ್ಲಿಕ್ಕೆ ಆಗುದಿಲ್ಲ. ಹೊಟ್ಟೆಗೆ ಟೈಮ್ ಸಿಗ್ತದೆ."

"ಬೆಕ್ಕಿಗೆ ಗುಳಿಯಪ್ಪದ ಕಾವಲಿಯಾ? ನಾಳೆ ಚಟ್ನಿ ಸಹ ಕೇಳೀತು."

"ಕೇಳಿದ್ರೆ ಅದು ನಾನು ಕೊಡ್ತೇನೆ. ನೀವು ಮೊದಲು ಇದರಲ್ಲಿ ಹಾಕಿ."

ಬೇಡ ಎನ್ನಲಾಗದೆ ತೆಗೆದುಕೊಂಡೆ. ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ತುರುಕಿಟ್ಟೆ. ಒಂದು ದಿನವೂ ತೆಗೆಯಲಿಲ್ಲ.

ಆ ವರ್ಷವೇ ಮಗಳಿಗೆ ಹೆಣ್ಣುಮಗು ಹುಟ್ಟಿತು. ಅಳಿಯ ದುಬೈಯಲ್ಲಿ, ಮಗಳು ನಮ್ಮೊಟ್ಟಿಗೆ. ತೊಟ್ಟಿಲಿಗೆ ಹಾಕುವ ದಿನ ನಾನು ನೆಲದ ಮೇಲೆ ಇರಲಿಲ್ಲ ಎಂದೇ ಹೇಳಬೇಕು. ಓಣಿಗೆ ಅಡ್ಡ ಶಾಮಿಯಾನ ಹಾಕಿಸಿದೆ. ಊಟಕ್ಕೆ ದಕ್ಕೆಯಿಂದ ಒಂದು ತೋಳುದ್ದದ ಅಂಜಲ್ ಮೀನು ನಾನೇ ಆರಿಸಿ ತಂದೆ. ಮೀನು ಕೊಯ್ಯುವಾಗ ಬೆಕ್ಕು ಕಾಲಿಗೆ ಸುತ್ತಿಕೊಂಡಿತು. ಇವತ್ತು ನಿನಗೂ ಹಬ್ಬವಲ್ಲವಾ ಎಂದು ಮೀನಿನ ಬಾಲದ ಕಡೆಯ ದಪ್ಪ ತುಂಡುಗಳನ್ನು ಬೇಯಿಸಿ ತಟ್ಟೆ ತುಂಬ ಹಾಕಿದೆ. ಅದು ತಿನ್ನುವುದನ್ನು ನಿಂತು ನೋಡಿದೆ, ಕಣ್ಣು ತುಂಬಿ ಬಂತು. ಅಂಥ ಸಂತೋಷ ನನಗೆ.

ಒಳಗೆ ಮಗುವನ್ನು ಮಲಗಿಸಲು ಚಾಪೆಯ ಮೇಲೆ ಹೊಸ ಬಿಳಿ ಬಟ್ಟೆ ಹಾಸಿದ್ದರು. ಅಳಿಯನ ಕಡೆಯವರೆಲ್ಲ ಸುತ್ತ ಕೂತಿದ್ದರು. ಬೆಕ್ಕು ಎಲ್ಲಿಂದಲೋ ಬಂದು ಆ ಬಟ್ಟೆಯ ನಡುವೆ ನಿಂತು ಬೆನ್ನು ಬಾಗಿಸಿತು.

"ಅಯ್ಯೋ ದೇವರೇ, ಮಗು ಮಲಗುವಲ್ಲಿ ಕಕ್ಕಿತಲ್ಲಾ! ಎಂತ ಮನೆ ಇದು?" ಎಂದರು ಅಳಿಯನ ಅಕ್ಕ.

ಬಟ್ಟೆಯ ಮೇಲೆ ಬಿದ್ದದ್ದು ಅಂಜಲ್ ಮೀನಿನ ತುಂಡು, ಚರ್ಮ ಸಹಿತ. ನಾನು ಹಾಕಿದ್ದು. ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ಜನರ ಎದುರು ತಲೆ ತಗ್ಗಿಸಲು ನನ್ನಿಂದ ಆಗಲಿಲ್ಲ. ಹಿಂದಿನ ಜಗಲಿಗೆ ಹೋಗಿ ಗೋಡೆಯ ಆಚೆಗೆ ಕೂಗಿದೆ.

"ಬಾಯೀ, ನೀವು ಎಂತೆಂತದ್ದೋ ಹಾಕುದು, ಇದು ನಮ್ಮ ಮನೆಗೆ ಬಂದು ಕಕ್ಕುದು! ಇನ್ನು ನಮ್ಮ ಪುಚ್ಚೆಗೆ ನೀವು ಒಂದು ಚಮಚ ಸಹ ಹಾಕ್ಬೇಡಿ. ಹೇಳಿದ್ದೇನೆ."

ಅವರು ಆಗಷ್ಟೇ ಅಡುಗೆಮನೆಯ ಬಾಗಿಲು ದಾಟಿ ನಮ್ಮಲ್ಲಿಗೆ ಹೊರಟಿದ್ದರು. ಒಳ್ಳೆಯ ಸೀರೆ, ಅದರ ಮೇಲೆ ಆ ಗಡಿಯಾರ. ಕೈಯಲ್ಲಿ ಒಂದು ಗುಲಾಬಿ ಬಣ್ಣದ ಉಲ್ಲನ್ ಟೊಪ್ಪಿ. ಮಗುವಿಗೆ ತಾವೇ ಹೆಣೆದದ್ದು. ನನ್ನ ಮುಖ ನೋಡಿದರು. "ಆಯ್ತು ಅಣ್ಣ" ಎಂದರು. ಟೊಪ್ಪಿಯನ್ನು ಗೋಡೆಯ ಮೇಲೆ ಇಟ್ಟು ಒಳಗೆ ಹೋದರು. ಬಾಗಿಲು ಹಾಕಿದ ಶಬ್ದ ಜೋರಾಗಿ ಬರಲಿಲ್ಲ. ಜೋರಾಗಿ ಬಂದಿದ್ದರೆ ನನಗೆ ಒಳ್ಳೆಯದಿತ್ತು.

ಹೇಳಿದಂತೆ ಅವರು ನಡೆದುಕೊಂಡರು. ಬೆಕ್ಕು ಹೋಗಿ ಅವರ ಬಾಗಿಲನ್ನು ಕೆರೆಯುತ್ತಿತ್ತು. ಒಳಗಿನಿಂದ "ಹೋಗು ಮಾಜರ್, ಮನೆಗೆ ಹೋಗು" ಎಂದು ಕೇಳುತ್ತಿತ್ತು. ಒಂದು ಚಮಚವೂ ಹಾಕಲಿಲ್ಲ. ಆದರೂ ಬೆಕ್ಕು ದಿನಾ ನಮ್ಮ ಜಗಲಿಯಲ್ಲಿ ಕಕ್ಕುತ್ತಲೇ ಇತ್ತು, ಮೊದಲಿಗಿಂತ ಹೆಚ್ಚು. ಪಕ್ಕೆಲುಬು ಎಣಿಸುವ ಹಾಗಾಯಿತು. ಹೆಂಡತಿ ಬೂದಿಯ ಬಾಲ್ದಿ ಹಿಡಿದು ಒಂದು ದಿನ ಕೇಳಿಯೇಬಿಟ್ಟಳು: "ಈಗ ಯಾರ ಮೇಲೆ ಕೂಗ್ತೀರಿ?" ನಾನು ಪೇಪರು ಓದುವವನಂತೆ ಮಾಡಿದೆ.

ಮಗುವಿಗೆ ಆರು ತಿಂಗಳಾದಾಗ ರಾಗಿ ಮಣ್ಣಿ ತಿನ್ನಿಸಲು ಶುರು ಮಾಡಿದೆವು. ಆ ಕೆಲಸ ನನಗೇ ಬೇಕು ಎಂದು ಹಟ ಹಿಡಿದೆ. ಬಾಯಿ ತೆರೆದಾಗಲೆಲ್ಲ ತುಂಬಿಸಿದೆ. ಅವಳು ನಗುವುದು, ನಾನು ಹಾಕುವುದು. ಕೊನೆಗೆ ಅಷ್ಟನ್ನೂ ನನ್ನ ಅಂಗಿಯ ಮೇಲೆಯೇ ಕಾರಿದಳು. ನಾನು ಗಾಬರಿಯಲ್ಲಿ ಇನ್ನೊಂದು ಬಟ್ಟಲು ಕೇಳಿದೆ. ಮಗಳು ಓಡಿ ಬಂದಳು.

"ಅಪ್ಪಾ, ನಿಮ್ಮ ಪ್ರೀತಿ ಅಲ್ಲಿ ಮೇಜಿನ ಮೇಲೆ ಇಡಿ. ಎರಡು ಚಮಚ ಹಾಕಿ ನಿಲ್ಲಿಸ್ಬೇಕು. ಹೊಟ್ಟೆಗೆ ಟೈಮ್ ಕೊಡ್ಬೇಕು."

"ಇದು ಯಾರು ಹೇಳಿಕೊಟ್ಟದ್ದು ನಿನಗೆ?"

"ಮತ್ತೆ ಯಾರು? ಬಾಯಮ್ಮ. ನೀವು ದಕ್ಕೆಗೆ ಹೋದಾಗ ಗೋಡೆ ಹತ್ತಿರ ಬರ್ತಾರೆ. ಮಗುವನ್ನು ಎತ್ತಿಕೊಂಡು ಹೋಗಿ ತೋರಿಸ್ತೇನೆ ನಾನು."

ಅಂಗಿಯ ಮೇಲೆ ರಾಗಿ ಒಣಗುತ್ತಿತ್ತು. ನಾನು ಹೋಗಿ ಒಗೆಯುವ ಕಲ್ಲಿನ ಅಡಿಯಿಂದ ಕಾವಲಿ ತೆಗೆದೆ. ತುಕ್ಕು ಹಿಡಿದಿತ್ತು. ತೆಂಗಿನ ನಾರು, ಹುಣಸೆಹುಳಿ ಹಾಕಿ ತಿಕ್ಕಿದೆ. ಏಳು ಗುಳಿಗೆ ಏಳು ಚಮಚ ಹಾಕಿದೆ. ಬೆಕ್ಕು ಬಂದು ಒಂದು ಗುಳಿಯಲ್ಲಿ ಮೂತಿ ಹಾಕಿತು, ನೆಕ್ಕಿತು, ಸುತ್ತು ಬಂದು ಇನ್ನೊಂದಕ್ಕೆ ಹೋಯಿತು. ಕಾಲು ಗಂಟೆ ಬೇಕಾಯಿತು ಮುಗಿಸಲು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾದೆ. ಐದು ನಿಮಿಷ. ಹತ್ತು ನಿಮಿಷ. ಅರ್ಧ ಗಂಟೆ. ಅದು ಮೈ ನೆಕ್ಕಿಕೊಂಡು, ಆಕಳಿಸಿ, ಅಲ್ಲಿಯೇ ಮಲಗಿತು.

ಆಗಲೇ ಗೋಡೆಯ ಹತ್ತಿರ ಹೋಗಿ ಕರೆಯಬೇಕಿತ್ತು. ಬಾಯೀ, ಕಕ್ಕಲಿಲ್ಲ, ತಪ್ಪು ನನ್ನದು. ಇಷ್ಟೇ ಮಾತು. ನಾನು ಯೋಚಿಸಿದ್ದು ಬೇರೆ. ಒಂದು ವಾರ ನೋಡುವ, ಪೂರ್ತಿ ಗುಣವಾಗಲಿ, ಆಮೇಲೆ ಸರಿಯಾದ ಸುದ್ದಿ ಹೇಳುವ ಎಂದು. ಹೆಂಡತಿಯೂ ಹೇಳಿದಳು: "ಕಾವಲಿ ಖಾಲಿ ಕೊಡ್ಬಾರ್ದು. ಭಾನುವಾರ ಗುಳಿಯಪ್ಪ ಮಾಡ್ತೇನೆ, ಅದರಲ್ಲೇ ಇಟ್ಟು ಕೊಡಿ." ಪಾತ್ರೆ ಹಿಂದೆ ಕೊಡುವಾಗ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುವುದು ನಮ್ಮಲ್ಲಿ ಕ್ರಮ. ನನಗೆ ಅದು ಒಳ್ಳೆಯ ನೆವವಾಯಿತು. ಬೆಲ್ಲ, ಬಾಳೆಹಣ್ಣು ತಂದಿಟ್ಟೆ.

ಶುಕ್ರವಾರ ಬೆಳಿಗ್ಗೆ ನಾನು ದಕ್ಕೆಯಿಂದ ಬರುವಾಗ ಅವರ ಮನೆಯ ಎದುರು ಆಂಬುಲೆನ್ಸ್ ಇತ್ತು. ಎದೆನೋವಂತೆ. ಅವರ ತಂಗಿ, ಶಾಲೆಯ ಟೀಚರು, ಒಟ್ಟಿಗೆ ಹೋದರು. ಶನಿವಾರ ಸಂಜೆ ಇಗರ್ಜಿಯ ಗಂಟೆ ನಿಧಾನವಾಗಿ, ಒಂದೊಂದೇ ಹೊಡೆಯಿತು, ಸತ್ತವರಿಗೆ ಹೊಡೆಯುವ ಹಾಗೆ. ಹೆಂಡತಿ ಅಕ್ಕಿ ನೆನೆಹಾಕಿದ ಪಾತ್ರೆಯ ಮುಂದೆ ಹಾಗೆಯೇ ಕೂತುಬಿಟ್ಟಳು.

ನೋಡಲು ಹೋದೆ. ಅದೇ ಒಳ್ಳೆಯ ಸೀರೆ ಉಡಿಸಿದ್ದರು. ಕೈಯಲ್ಲಿ ಜಪಮಣಿ. ಎದೆಯ ಮೇಲೆ ಗಡಿಯಾರ ಇರಲಿಲ್ಲ. ಅದಿಲ್ಲದೆ ಅವರನ್ನು ನಾನು ನೋಡಿದ್ದೇ ಆಗ ಮೊದಲು.

ಎಲ್ಲ ಮುಗಿದು ಕೆಲವು ದಿನಗಳ ಮೇಲೆ ತಂಗಿ ಮನೆಗೆ ಬೀಗ ಹಾಕಲು ಬಂದರು. ನಾನು ಕಾವಲಿ ತೊಳೆದು, ಗುಳಿಗಳಲ್ಲಿ ಒಂದೊಂದು ಗುಳಿಯಪ್ಪ ಇಟ್ಟು ಕೊಂಡುಹೋದೆ. ಅವರು ಒಂದನ್ನು ಮಾತ್ರ ತೆಗೆದುಕೊಂಡು ಕಾವಲಿಯನ್ನು ಹಿಂದೆ ತಳ್ಳಿದರು.

"ನಿಮ್ಮಲ್ಲೇ ಇರ್ಲಿ ಅಣ್ಣ. ಅಕ್ಕನಿಗೆ ಗೊತ್ತಿತ್ತು, ನೀವು ಅದರಲ್ಲಿ ಹಾಕ್ಲಿಕ್ಕೆ ಶುರು ಮಾಡಿದ್ದು. ಕಿಟಕಿಯಿಂದ ನೋಡ್ತಾ ಇದ್ದಳು. ಗಡಿಯಾರ ಹಿಡ್ಕೊಂಡು. ನನಗೆ ದಿನಾ ಫೋನ್ ಮಾಡಿ ಹೇಳುದು, ಇವತ್ತು ಸಹ ಕಕ್ಕಲಿಲ್ಲ ಅಂತ."

"ಮತ್ತೆ ನನ್ನನ್ನು ಯಾಕೆ ಕರೀಲಿಲ್ಲ?"

"ನಾನು ಸಹ ಅದನ್ನೇ ಕೇಳಿದೆ. ಅಣ್ಣನಿಗೂ ಟೈಮ್ ಬೇಕು, ಅವರೇ ಬರ್ಲಿ ಅಂತ ಹೇಳಿದಳು."

ಈಗ ಬೆಕ್ಕಿಗೆ ವಯಸ್ಸಾಗಿದೆ. ದಿನಕ್ಕೆ ನಾಲ್ಕು ಸಲ ಊಟ, ಹೊತ್ತಿಗೆ ಸರಿಯಾಗಿ. ಕಕ್ಕುವುದು ಅಪರೂಪ. ಗುಳಿಗೆ ಚಮಚ ಹಾಕುವ ಅಧಿಕಾರ ಮೊಮ್ಮಗಳದ್ದು. ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲಿ ಎಣಿಸುತ್ತಾಳೆ, ಐದಕ್ಕೆ ಬಂದಾಗ ಇಂಗ್ಲಿಷಿಗೆ ಹಾರುತ್ತಾಳೆ. ನೋಡಿ ನನಗೆ ಹೊಟ್ಟೆ ತುಂಬುತ್ತದೆ.

ಶಾಲೆಗೆ ಸೇರಿದ ಆ ದಿನ ಸಂಜೆ, ಯೂನಿಫಾರ್ಮ್ ಸಹ ಬಿಚ್ಚದೆ, ಅವಳು ಕಾವಲಿಯ ಮುಂದೆ ಕೂತಿದ್ದಳು.

"ಅಜ್ಜಾ, ಇದು ನಮ್ಮದಾ?"

"ಅಲ್ಲ ಮಗಾ. ಆಚೆ ಮನೆಯ ಬಾಯಮ್ಮನದ್ದು."

"ಹಿಂದೆ ಕೊಡ್ಲಿಕ್ಕಿಲ್ವಾ?"

"ಕೊಡ್ಲಿಕ್ಕುಂಟು" ಎಂದೆ.