ಶಾಮಲಮ್ಮನ ಕೇಳಿಕೆ ಚಪ್ಪರ

ನಾನು ಅಕ್ಕ ಎಂದೇ ಕರೆಯುವ ನಮ್ಮ ಓರಗಿತ್ತಿ ಶಾಮಲಮ್ಮ ಹೋಳೂರಿನ ಕೇಳಿಕೆ ಸಂಘಕ್ಕೆ ಅಧ್ಯಕ್ಷೆಯಾದದ್ದು ಹೊಲಿಗೆ ಮಿಷನ್ನಿನಿಂದ. ಕೇಳಿಕೆ ಎಂದರೆ ನಮ್ಮ ಕಡೆಯ ಬಯಲಾಟ. ಹಾಡು ಹೆಚ್ಚಾಗಿ ತೆಲುಗು. ಹೆಣ್ಣು ವೇಷವನ್ನೂ ಗಂಡಸರೇ ಹಾಕುತ್ತಿದ್ದರು. ಅವರ ಮೈಗೆ ಯಾರ ರವಿಕೆಯೂ ಹಿಡಿಸುತ್ತಿರಲಿಲ್ಲ. ಎಪ್ಪತ್ತೆರಡರಲ್ಲಿ ಅಕ್ಕ, ರಾಣಿ ವೇಷದ ಕದಿರಪ್ಪನಿಗೆ ಅಳತೆ ತೆಗೆದು ಒಂದು ಹೊಲಿದುಕೊಟ್ಟಳು. ಅವನು ಅದನ್ನು ತೊಟ್ಟು ನಮ್ಮ ಜಗುಲಿಯ ಮೇಲೆ ಕುಣಿದು, "ಈಗ ಉಸಿರಾಡೋಕಾಗ್ತೈತೆ ಕಣಕ್ಕಾ!" ಎಂದ.

ಆಮೇಲೆ ಬಟ್ಟೆಯ ಟ್ರಂಕು ನಮ್ಮ ಮನೆಗೇ ಬಂತು. ಹಾಡು ಕಲಿಸುವ ಮೇಷ್ಟ್ರು ಮುನಿರಾಮಪ್ಪನವರು ತಾಲೀಮನ್ನೂ ನಮ್ಮ ಜಗುಲಿಯಲ್ಲೇ ಮಾಡಿಸತೊಡಗಿದರು. ಅಕ್ಕ ಮಿಷನ್ನು ತುಳಿಯುತ್ತಲೇ ಎಲ್ಲರ ಪಾತ್ರವನ್ನೂ ಬಾಯಿಪಾಠ ಮಾಡಿಕೊಂಡಳು. ಎಪ್ಪತ್ತೆಂಟರಲ್ಲಿ ಮೇಷ್ಟ್ರು ತೀರಿಕೊಂಡಾಗ ಇಡೀ ಆಟ ಬರುತ್ತಿದ್ದುದು ಅವಳೊಬ್ಬಳಿಗೇ. ಗಂಡಸರು ಗೊಣಗಿಕೊಂಡೇ ಅವಳನ್ನು ಅಧ್ಯಕ್ಷೆ ಮಾಡಿದರು.

ಮಳೆ ಬಂದರೆ ತಾಲೀಮು ನಿಲ್ಲುತ್ತಿತ್ತು. ಅದಕ್ಕೆ ಒಂದು ಚಪ್ಪರ ಹಾಕಿಸಬೇಕೆಂದು ಅಕ್ಕ ಮನೆ ಮನೆ ತಿರುಗಿದಳು. ಒಬ್ಬರು ತೆಂಗಿನ ಗರಿ ಕೊಟ್ಟರು, ಒಬ್ಬರು ನೀಲಗಿರಿ ಗಳ ಕೊಟ್ಟರು. ಜಾಗ ಮಾತ್ರ ಸಿಗಲಿಲ್ಲ. ಕೊನೆಗೆ ಕೋದಂಡರಾಮಪ್ಪ ಗೌಡರು ತಮ್ಮ ಹಿಪ್ಪುನೇರಳೆ ತೋಟದ ಮೂಲೆ ಕೊಡುವುದಾಗಿ ಒಪ್ಪಿದರು.

ನಮ್ಮಲ್ಲಿ ಆಟಕ್ಕೆ ಮುಂಚೆ, ಸಂಜೆ, ನಗಿಸುವ ಕೋಡಂಗಿ ಬಂದು ದಾನ ಕೊಟ್ಟವರ ಹೆಸರು ಕೂಗುತ್ತಾನೆ. ಮನೆಯಲ್ಲಿ ಯಾರೇ ಕೊಟ್ಟಿರಲಿ, ಕೂಗುವುದು ಯಜಮಾನನ ಹೆಸರು. ಆ ಸಲ ಹೆಸರು ಹೇಳಿಕೊಡುವ ಕೆಲಸ ನನ್ನದು. ಎರಡನೇ ಕ್ಲಾಸು ಓದಿದವಳು ನಾನು, ಪಟ್ಟಿ ಬರೆಯಲಿಲ್ಲ. ಕೊಟ್ಟವರ ಮುಖ ನೆನೆದು ಹೇಳುತ್ತಾ ಹೋದೆ. ಆ ಮೂಲೆಯನ್ನು ಹೆಜ್ಜೆ ಹಾಕಿ ಅಳೆದು ತೋರಿಸಿದ್ದವರು ಗೌಡರ ಹೆಂಡತಿ. ಕೋಡಂಗಿ ನಾನು ಹೇಳಿದಂತೆಯೇ, "ಚಪ್ಪರಕ್ಕೆ ಜಾಗ ಕೊಟ್ಟೋರು ಆದಿಲಕ್ಷ್ಮಮ್ಮನೋರು!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟ.

ಮುಂದೆ ಕುರ್ಚಿಯಲ್ಲಿದ್ದ ಗೌಡರು ಟವೆಲ್ಲು ಕೊಡವಿ ಎದ್ದು ಹೋದರು. ಹಿಂದಿನಿಂದ ಯಾರೋ, "ಹೆಂಗಸಿನ ಕೈಗೆ ಸಂಘ ಕೊಟ್ರೆ ಇಷ್ಟೇಯ" ಎಂದರು.

ಮಾರನೆಯ ಬೆಳಿಗ್ಗೆ ಅಕ್ಕ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು.

"ಏನಮ್ಮಾ ಶಾಮಲಮ್ಮ, ನಾನಿನ್ನೂ ಬದುಕಿದ್ದೀನಿ ತಾನೇ?" ಎಂದರು ಗೌಡರು.

"ತಪ್ಪಾಯ್ತು ಗೌಡ್ರೇ. ಇನ್ನೊಂದು ಸಲ ಕೂಗಿಸ್ತೀನಿ."

"ತಪ್ಪು ನಂದು, ಅಕ್ಕಂದಲ್ಲ" ಎಂದೆ ನಾನು.

"ಯಾರ್ದಾದ್ರೂ ಆಗ್ಲಿ. ಜಾಗ ಇಲ್ಲ, ನಡೀರಿ."

ರಾಗಿ ಕೇರುತ್ತಿದ್ದ ಆದಿಲಕ್ಷ್ಮಮ್ಮ ಮೊರ ಹಿಡಿದುಕೊಂಡೇ ಹೊರಗೆ ಬಂದರು. "ಅದೆಂಗ್ರೀ ಇಲ್ಲ ಅಂತೀರಾ? ಆ ಮೂಲೆ ಮದ್ವೇಲಿ ನಮ್ಮಪ್ಪ ನಂಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದು. ಇಪ್ಪತ್ತು ವರ್ಷ ಉತ್ತುಬಿಟ್ರೆ ನಿಮ್ದಾಗೋಯ್ತಾ?"

ನನಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಅಕ್ಕ ನನ್ನ ಕೈ ಹಿಂಡಿದಳು.

"ಊರ ಮುಂದೆ ಮರ್ಯಾದೆ ಅಂತ ಒಂದೈತಲ್ಲೇ" ಎಂದರು ಗೌಡರು, ದನಿ ತಗ್ಗಿಸಿ.

"ನಂಗೂ ಐತೆ. ಮದ್ವೆ ಆದ್ಮೇಲೆ ಊರು ನನ್ನ ಹೆಸ್ರು ಕೇಳಿದ್ದು ನಿನ್ನೇನೇ ಮೊದ್ಲು. ಅದನ್ನ ವಾಪಸ್ಸು ತಗೋ ಅಂತೀರಾ?"

ಗೌಡರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೂತರು. ಆಮೇಲೆ, "ಬಂದೋರಿಗೆ ಕಾಫಿ ಆದ್ರೂ ಕೊಡೇ" ಎಂದರು. ಅಕ್ಕ ನನ್ನ ಕೈ ಬಿಟ್ಟಳು. ಕಾಫಿ ಕುಡಿಯುವಾಗ ಗೌಡರೇ, "ನಡುಗಂಬ ನಾನು ಕೊಡ್ತೀನಿ. ಅದಕ್ಕಾದ್ರೂ ನನ್ನ ಹೆಸ್ರು ಕೂಗ್ಸಮ್ಮ" ಎಂದರು. ಆದಿಲಕ್ಷ್ಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ದಾರಿಯಲ್ಲಿ ಅಕ್ಕ ಬೈಯುತ್ತಾಳೆಂದು ಕಾದೆ. "ಮುಂದಿನ ಸಲಾನೂ ನೀನೇ ಹೇಳ್ಕೊಡು ಕಣೇ" ಎಂದಳು, ಅಷ್ಟೇ.

ಚಪ್ಪರ ಎದ್ದಿತು. ಎಂಬತ್ತೈದರ ಹೊತ್ತಿಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ತಂಡಗಳೂ ಸೇರಿ ಅಕ್ಕನನ್ನೇ ಮುಂದಾಳು ಮಾಡಿಕೊಂಡವು. ವೇಷ ಹಾಕಲಾಗದ ಮುದುಕರ ಮನೆಗೆ ತಿಂಗಳಿಗಿಷ್ಟು ರಾಗಿ ಕಳಿಸುವ ಏರ್ಪಾಟು ಮಾಡಿದಳು. ಅದಕ್ಕೆ ಹೆಚ್ಚು ಕೊಟ್ಟವರು ಹೆಂಗಸರೇ; ಆ ಸಲದಿಂದ ಕೊಟ್ಟ ಕೈ ಯಾರದೋ ಅವರ ಹೆಸರನ್ನೇ ಕೂಗುತ್ತಿದ್ದರಲ್ಲ.