ಅಮ್ಮ ಊರಿಗೆ ಹೋದ ವರ್ಷದ ಸಾಲ್ಮನ್ ನದಿ

ದೋಹಾದ ಈಗಿನ ಮುಶೈರಿಬ್ ನೋಡಿದವರಿಗೆ, ಟ್ರಾಮ್ ಓಡುವ, ನೆಲವೆಲ್ಲ ಹೊಳೆಯುವ ಆ ಬೀದಿಗಳಲ್ಲಿ ನಡೆದವರಿಗೆ, ನಾನು ಹೇಳುವ ಮುಶೈರಿಬ್‌ನ ಗುರುತೇ ಸಿಗಲಿಕ್ಕಿಲ್ಲ. ಆಗ ಅಲ್ಲಿ ಮೂರು ನಾಲ್ಕು ಮಾಳಿಗೆಯ, ಬಣ್ಣ ಸುಲಿದ ಕಟ್ಟಡಗಳಿದ್ದವು. ಕೆಳಗೆ ವಾಚ್ ರಿಪೇರಿಯವರು, ಬಟ್ಟೆ ಅಂಗಡಿಯವರು, ಒಂದು ಕರಕ್ ಚಹಾದ ಗೂಡು. ಮೇಲೆ ನಮ್ಮಂಥ ಸಂಸಾರಗಳು. ಮೆಟ್ಟಿಲಿಗೆ ಕಾಲಿಟ್ಟರೆ ಏಲಕ್ಕಿಯ ವಾಸನೆ, ಎರಡನೇ ಮಾಳಿಗೆಗೆ ಬಂದರೆ ಮೀನು ಹುರಿಯುವ ವಾಸನೆ, ಮೂರನೆಯದರಲ್ಲಿ ನಮ್ಮ ಮನೆ. ನನಗೆ ಆಗ ಹತ್ತು ವರ್ಷ. ಪಪ್ಪನಿಗೆ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಕಂಪೆನಿ ಬಸ್ಸು ಹತ್ತಿದರೆ ತಿರುಗಿ ಬರುವಾಗ ಸಂಜೆ ಏಳು. ಮನೆಯಲ್ಲಿ ನಾವು ತುಳು ಮಾತಾಡುವವರು. ಕನ್ನಡ ಓದಲು ಬರೆಯಲು ಕಲಿಸಿದ್ದು ಅಮ್ಮ. ಅವಳ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಅವಳೇನೂ ಬೇಸರಿಸಲಿಕ್ಕಿಲ್ಲ.

ಆ ಸೆಪ್ಟೆಂಬರಿನಲ್ಲಿ ಅಮ್ಮ ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಊರಿಗೆ ಹೋದಳು. ನಾನು ಹುಟ್ಟಿದ್ದು ದೋಹಾದ ಆಸ್ಪತ್ರೆಯಲ್ಲಿ. ಆಗ ಬಾಣಂತನಕ್ಕೆ ಅಜ್ಜಿಯೇ ಇಲ್ಲಿಗೆ ಬಂದಿದ್ದರಂತೆ. ಈ ಸಲ ಅಜ್ಜಿಗೆ ಮಂಡಿನೋವು, ವಿಮಾನದ ಮೆಟ್ಟಿಲು ಹತ್ತಲು ಆಗದು. ಹಾಗಾಗಿ ಅಮ್ಮನೇ ತವರಿಗೆ, ಫಲ್ಗುಣಿ ಹೊಳೆಯ ಬದಿಯ ಆ ಹಂಚಿನ ಮನೆಗೆ ಹೋಗಬೇಕಾಯಿತು. ನನಗೆ ಶಾಲೆ ಇತ್ತು. ಶಾಲೆ ಒಂದು ನೆಪ, ಟಿಕೆಟ್ಟೂ ದುಬಾರಿ ಇದ್ದಿರಬೇಕು. ಅದನ್ನು ನನಗೆ ಯಾರೂ ಹೇಳಲಿಲ್ಲ.

"ಅಲ್ಲಿಗೇ ಯಾಕೆ ಹೋಗ್ಬೇಕು?" ಎಂದು ನಾನು ಪಪ್ಪನನ್ನು ಪೀಡಿಸಿದ್ದೆ.

"ಕ್ರಮ ಅದು ಮಗಾ. ಹೆರಿಗೆ ಅಂದ್ರೆ ಹುಟ್ಟಿದ ಮನೆಗೆ ಹೋಗುದು. ಎಲ್ಲ ಹೆಂಗಸರೂ ಹೋಗ್ತಾರೆ."

ಅಮ್ಮ ಹೋದ ಮೇಲೆ ಕೊರಳಿಗೆ ಬೀಗದ ಕೈ ಕಟ್ಟಿಕೊಂಡು ಓಡಾಡುವ ಹುಡುಗಿ ನಾನಾದೆ. ಶಾಲೆಯಿಂದ ಬಂದವಳು ಎರಡನೇ ಮಾಳಿಗೆಯ ಜೋಹರಾ ಆಂಟಿಯ ಮನೆಯಲ್ಲಿ ಊಟ ಮಾಡಬೇಕು, ಆಮೇಲೆ ಮನೆಗೆ ಹೋಗಿ ಹೋಮ್‌ವರ್ಕ್ ಮಾಡಬೇಕು, ಇದು ಪಪ್ಪ ಮಾಡಿಟ್ಟ ಏರ್ಪಾಡು. ಜೋಹರಾ ಆಂಟಿ ಉಪ್ಪಿನಂಗಡಿ ಕಡೆಯ ಬ್ಯಾರಿಗಳು. ಗಂಡನಿಗೆ ನಮ್ಮ ಕಟ್ಟಡದಡಿಯಲ್ಲೇ ಬಟ್ಟೆ ಅಂಗಡಿ. ಹಮೂರ್ ಮೀನಿನ ಪುಳಿಮುಂಚಿ ಮಾಡಿದರೆ ಮೆಟ್ಟಿಲಿಗೆಲ್ಲ ಗೊತ್ತಾಗಬೇಕು, ಅಂಥ ಕೈ. ಬಾಯಿಯೂ ಹಾಗೆಯೇ, ಖಾರ. ಊಟ ಆದ ಮೇಲೆ ಅವರಿಗೆ ನಿದ್ದೆ, ನನಗೆ ಮೂರನೇ ಮಾಳಿಗೆ.

ಅಂಥ ಮಧ್ಯಾಹ್ನಗಳು ಶತ್ರುವಿಗೂ ಬೇಡ. ಏಸಿಯ ಗುಂಯ್ ಎನ್ನುವ ಸದ್ದು, ಅದರ ಮೇಲೆ ಕೂತ ಪಾರಿವಾಳಗಳ ಗೊಣಗಾಟ, ಕಿಟಕಿಯ ಸಂದಿಯಲ್ಲಿ ಹಿಟ್ಟಿನಷ್ಟು ನುಣ್ಣಗಿನ ಧೂಳು. ಅಮ್ಮನ ಸೀರೆಗಳಿದ್ದ ಕಪಾಟಿನ ಬಾಗಿಲು ತೆಗೆದು ಒಳಗೆ ಮುಖ ಇಟ್ಟು ನಿಲ್ಲುತ್ತಿದ್ದೆ. ಚೆನ್ನೆಮಣೆ ತೆಗೆದು ಕೂರುತ್ತಿದ್ದೆ. ಇಬ್ಬರು ಆಡುವ ಆಟ; ನಾನು ಈ ಕಡೆ ಒಮ್ಮೆ ಕೂತು ಆಡಿ, ಎದ್ದು ಆ ಕಡೆ ಹೋಗಿ ಕೂತು ಆಡುತ್ತಿದ್ದೆ. ಗೆದ್ದರೂ ನಾನೇ, ಸೋತರೂ ನಾನೇ. ಒಂದು ವಾರಕ್ಕೆ ಅದೂ ಬೇಸರವಾಯಿತು.

ಅಷ್ಟರಲ್ಲಿ ಶಾಲೆಯಲ್ಲಿ ಪ್ರದರ್ಶನ ಬಂತು. ಸೋಶಿಯಲ್ ಮಿಸ್ ಜಗತ್ತಿನ ನದಿಗಳ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಿದರು. ಪಕ್ಕದ ಹುಡುಗಿಗೆ ನೈಲ್ ಬಂತು, ಹಿಂದಿನವನಿಗೆ ಗಂಗೆ. ನನ್ನ ಹಣೆಬರಹಕ್ಕೆ ಬಂದದ್ದು ಅಲಾಸ್ಕಾದ ಯಾವುದೋ ಮೂಲೆಯ ಒಂದು ನದಿ. ಅದರ ಹೆಸರು ನನ್ನ ನಾಲಿಗೆಯಲ್ಲಿ ಹೊರಳುತ್ತಲೇ ಇರಲಿಲ್ಲ. ಮಿಸ್ ಕೊಟ್ಟ ಎರಡು ಜೆರಾಕ್ಸ್ ಹಾಳೆ, ಲೈಬ್ರರಿಯ ಒಂದು ದಪ್ಪ ಪುಸ್ತಕ, ಇಷ್ಟೇ ಬಂಡವಾಳ.

ಆದರೆ ಎಂಥ ನದಿ ಅದು! ಮರುಭೂಮಿಯಲ್ಲಿ ಕೂತು ಅದನ್ನು ಓದುವಾಗ ನನಗೆ ಮೈ ತಂಪಾಗುತ್ತಿತ್ತು. ಹಿಮದ ಬೆಟ್ಟದಡಿಯ ಒಂದು ಕೆರೆಯಲ್ಲಿ ಹುಟ್ಟಿ, ಜಲ್ಲಿಕಲ್ಲಿನ ಮೇಲೆ ಸ್ಫಟಿಕದಂತೆ ಹರಿದು, ನಡುವೆ ಆಳೆತ್ತರದ ಅಬ್ಬಿಯಿಂದ ಧುಮುಕಿ, ಕೊನೆಗೆ ಹತ್ತಾರು ಕವಲಾಗಿ ಕೆಸರು ಬಯಲಿನಲ್ಲಿ ಹರಡಿ ಚಳಿ ಸಮುದ್ರಕ್ಕೆ ಸೇರುವ ನದಿ. ಅಲ್ಲಿಗೆ ರಸ್ತೆಯೇ ಇಲ್ಲ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಹೋಗಬೇಕು. ದಡದಲ್ಲಿ ಊರಿಲ್ಲ, ಕರಡಿಗಳಿವೆ. ನಾಲ್ಕು ಚಾರ್ಟ್ ಪೇಪರ್ ಅಂಟಿಸಿ ಹಾಲಿನ ನೆಲದ ತುಂಬ ನದಿ ಬಿಡಿಸಿದೆ. ಪಪ್ಪ ಡ್ಯೂಟಿ ಮುಗಿಸಿ ಬಂದವರು ಬೂಟು ಕೈಯಲ್ಲಿ ಹಿಡಿದು ನದಿ ದಾಟಿ ಒಳಗೆ ಹೋಗುತ್ತಿದ್ದರು.

ಆಮೇಲೆ ಮೀನಿನ ಹಾಳೆ ಓದಿದೆ. ಸಾಲ್ಮನ್ ಮರಿ ಆ ಜಲ್ಲಿಯಲ್ಲಿ ಮೊಟ್ಟೆಯೊಡೆದು ಹುಟ್ಟುತ್ತದೆ. ಒಂದೆರಡು ವರ್ಷ ಕೆರೆಯಲ್ಲಿದ್ದು ಹೊಳೆಯಿಳಿದು ಸಮುದ್ರಕ್ಕೆ ಹೋಗುತ್ತದೆ. ದೂರದ ನೀರಿನಲ್ಲಿ ತಿಂದು ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ಹುಟ್ಟಿದ ಹೊಳೆಯ ವಾಸನೆ ಹಿಡಿದು ಅಲ್ಲಿಗೇ ತಿರುಗಿ ಬರುತ್ತದೆ. ಹೊಳೆ ಹೊಕ್ಕ ದಿನದಿಂದ ಏನೂ ತಿನ್ನುವುದಿಲ್ಲ. ಬೆಳ್ಳಿ ಬಣ್ಣದ ಮೈ ಕೆಂಪಾಗುತ್ತದೆ, ಮೂತಿ ವಕ್ರವಾಗುತ್ತದೆ. ಅಬ್ಬಿ ಹಾರಿ, ಹುಟ್ಟಿದ ಜಾಗ ತಲುಪಿ, ಬಾಲದಿಂದ ಜಲ್ಲಿ ತೋಡಿ ಮೊಟ್ಟೆಯಿಟ್ಟು ಸಾಯುತ್ತದೆ. ಎಲ್ಲವೂ ಸಾಯುತ್ತವೆ. ಆ ಸತ್ತ ಮೈಯೇ ಕೊಳೆತು ನೀರಿಗೆ ಸೇರಿ ಮರಿಗಳಿಗೆ ಆಹಾರವಾಗುತ್ತದೆ.

ಆ ಹಾಳೆಯನ್ನು ಮತ್ತೊಮ್ಮೆ ಓದಿದೆ. ಹುಟ್ಟಿದ ಮನೆಗೆ ಹೋಗುವುದು ಕ್ರಮ ಎಂದು ಪಪ್ಪ ಹೇಳಿದ್ದೂ ಇದೇ ತಾನೇ? ಆ ಮನೆ ಇದ್ದದ್ದೂ ಹೊಳೆಯ ಬದಿಯಲ್ಲೇ. ನಾನು ಹುಟ್ಟುವಾಗ ಅಮ್ಮ ಹೊಳೆಗೆ ಹೋಗಿರಲಿಲ್ಲ, ದೋಹಾದಲ್ಲೇ ಇದ್ದಳು, ಅದಕ್ಕೇ ಉಳಿದಳು. ಈ ಸಲ ಹೋಗಿದ್ದಾಳೆ. ನಗಬೇಡಿ. ಹತ್ತು ವರ್ಷದ, ಇಡೀ ದಿನ ಮಾತಾಡಲು ಜನವಿಲ್ಲದ ತಲೆಯಲ್ಲಿ ಈ ಲೆಕ್ಕ ಸರಿಯಾಗಿ ಕೂತುಬಿಟ್ಟಿತು; ಅದನ್ನು ತಪ್ಪೆಂದು ಹೇಳುವವರಿರಲಿ, ಕೇಳಿಸಿಕೊಳ್ಳುವವರೂ ಅಲ್ಲಿರಲಿಲ್ಲ.

ಆ ಸಂಜೆ ಪಪ್ಪನ ಬಾಯಿ ಬಿಡಿಸಲು ನೋಡಿದೆ. "ನಮ್ಮ ಊರಲ್ಲೂ ಹೀಗೆ ಮೀನು ಮೇಲೆ ಹೋಗ್ತದಾ ಪಪ್ಪ?"

ಪಪ್ಪನ ಮುಖ ಅರಳಿತು. "ಹೋಗುದಿಲ್ವಾ ಮತ್ತೆ? ಮೊದಲ ಮಳೆಗೆ ಹೊಳೆಯ ಮೀನೆಲ್ಲ ಹತ್ತಿಕೊಂಡು ಗದ್ದೆಗೆ ಬರ್ತದೆ, ಮೊಟ್ಟೆ ಇಡ್ಲಿಕ್ಕೆ. ಹಾಗೆ ಹತ್ತುದಕ್ಕೇ 'ಹತ್ತುಮೀನು' ಅಂತ ಹೇಳುದು. ನಾವು ಗೋಣಿ ಹಿಡ್ಕೊಂಡು ಓಡುದು!"

"ಮತ್ತೆ ಅವು ವಾಪಸ್ ಹೋಗ್ತಾವಾ?"

"ವಾಪಸ್ ಎಲ್ಲಿಗೆ ಮಾರಾಯ್ತಿ? ನಾವು ಬಿಟ್ರೆ ಅಲ್ವಾ? ಸೀದಾ ಸಾರಿಗೆ!" ಎಂದು ಪಪ್ಪ ಹೊಟ್ಟೆ ಹಿಡಿದು ನಕ್ಕರು. ಅವರು ಅಷ್ಟು ನಕ್ಕದ್ದು ಅಮ್ಮ ಹೋದ ಮೇಲೆ ಅದೇ ಮೊದಲು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಶುಕ್ರವಾರ ಅಮ್ಮನಿಗೆ ಫೋನ್. ಫೋನ್ ಕಾರ್ಡು ಗೀಚಿ ಅದರಲ್ಲಿದ್ದ ಉದ್ದ ನಂಬರ್ ಒತ್ತುವುದು ನನ್ನ ಕೆಲಸ. ಆ ವಾರ ಅಮ್ಮನ ದನಿ ಸಣ್ಣಗಿತ್ತು. "ಊಟವೇ ಸೇರುದಿಲ್ಲ ಬಾಲೆ. ಅಜ್ಜಿ ಗಂಜಿ ಕೊಟ್ರೂ ಬೇಡ ಅನಿಸ್ತದೆ. ಕಾಲು, ಮುಖ ಎಲ್ಲ ಬಾತಿದೆ, ನೀನು ನೋಡಿದ್ರೆ ಗುರ್ತವೇ ಸಿಗ್ಲಿಕ್ಕಿಲ್ಲ" ಎಂದು ನಕ್ಕಳು.

ಊಟ ಬಿಟ್ಟಿದ್ದಾಳೆ. ಮುಖ ಬದಲಾಗಿದೆ. ಹಾಳೆಯಲ್ಲಿದ್ದದ್ದು ಒಂದೊಂದಾಗಿ ಆಗುತ್ತಿತ್ತು. "ಅಮ್ಮಾ, ಈಗಲೇ ಬಾ" ಎಂದೆ. "ಈಗ ವಿಮಾನದವರು ಹತ್ತಿಸುದಿಲ್ಲ ಬಾಲೆ" ಎಂದಳು.

ತಡೆಯಲಾರದೆ ಮರುದಿನ ಜೋಹರಾ ಆಂಟಿಯನ್ನು ಕೇಳಿದೆ. ಅವರು ಮಣೆಯ ಮೇಲೆ ಕೂತು ಬೂತಾಯಿ ಮೀನಿನ ತಲೆ ತೆಗೆಯುತ್ತಿದ್ದರು.

"ಆಂಟಿ, ಹೆರಿಗೆಗೆ ಊರಿಗೆ ಹೋದವರು ಸಾಯ್ತಾರಾ?"

ಕತ್ತಿ ನಿಂತಿತು. "ಥೂ! ಬಿಡ್ತು ಅನ್ನು ಮೊದಲು! ಬಾಯಲ್ಲಿ ಎಂತ ಮಾತು ಇದು?"

"ಬಿಡ್ತು."

"ಹೆರಿಗೆ ಅಂದ್ರೆ ಹೆಂಗಸಿಗೆ ಮರುಹುಟ್ಟು. ಎಲ್ಲ ಹುಟ್ಟಿಸಿದವನ ಕೈಯಲ್ಲಿ ಉಂಟು. ಇನ್ನು ಆ ಮಾತು ಆಡ್ಬಾರ್ದು, ಆಡಿದ್ರೆ ಹಾಗೇ ಆಗ್ತದೆ. ಗೊತ್ತಾಯ್ತಾ? ಯಲ್ಲಾ, ನಡಿ, ಕೈ ತೊಳಿ, ಊಟ ಮಾಡು."

ಪಾಪ, ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೆ ಅಂದಿನಿಂದ ನನ್ನ ಬಾಯಿಗೆ ಬೀಗ ಬಿತ್ತು. ಮಾತಾಡಿದರೆ ಅಮ್ಮ ಸಾಯುತ್ತಾಳೆ. ಮಾತಾಡದಿದ್ದರೂ ಹೊಳೆ ಬಿಡುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ, ಅಮ್ಮನಿಲ್ಲದೆ ಇರಲು ಕಲಿಯುವುದು.

ಕಲಿತೆ. ಹಟ ಹಿಡಿದು ಕಲಿತೆ. ಎರಡು ಜಡೆ ನಾನೇ ಹಾಕಿಕೊಂಡೆ, ಮೊದಲು ವಕ್ರ, ಆಮೇಲೆ ನೆಟ್ಟಗೆ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು, ಗಂಜಿ ಹೇಗೆ ಬಸಿಯುವುದು, ಕೈ ಸುಟ್ಟುಕೊಂಡು ತಿಳಿದುಕೊಂಡೆ. ಅಮ್ಮನ ಕಪಾಟಿಗೆ ಮುಖ ಇಡುವುದನ್ನು ನಿಲ್ಲಿಸಿದೆ. ಮೊದಲ ದಿನ ಹತ್ತು ಸಲ ಅದರ ಹತ್ತಿರ ಹೋಗಿ ತಿರುಗಿ ಬಂದೆ, ಆಮೇಲೆ ಐದು ಸಲ, ಆಮೇಲೆ ಹೋಗಲೇ ಇಲ್ಲ. ಶುಕ್ರವಾರದ ಫೋನಿನಲ್ಲಿ "ಹೂಂ", "ಆಯ್ತು" ಇಷ್ಟೇ. "ಬಾಲೆ ದೊಡ್ಡವಳಾದಳು" ಎಂದು ಅಮ್ಮ ಅಜ್ಜಿಗೆ ಹೇಳುವುದು ಕೇಳಿಸುತ್ತಿತ್ತು. ಪಪ್ಪನಿಗಂತೂ ಹೆಮ್ಮೆಯೋ ಹೆಮ್ಮೆ. ಬಸ್ಸಿನವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಪ್ರದರ್ಶನದ ದಿನ ನನ್ನ ಚಾರ್ಟಿನ ಮುಂದೆ ಜನ ನಿಂತರು. ಕೆಂಪು ಮೀನುಗಳು ಸಾಲಾಗಿ ಮೇಲೆ ಹೋಗುತ್ತಿದ್ದವು. ಒಂದು ಮಾತ್ರ ಸಮುದ್ರದ ಕಡೆ ಮುಖ ಮಾಡಿತ್ತು. ಮಿಸ್ ಕನ್ನಡಕ ಸರಿಮಾಡಿ ಬಗ್ಗಿ ನೋಡಿದರು.

"ಇದೊಂದು ತಪ್ಪಾಗಿದೆಯಲ್ಲ. ಮೊಟ್ಟೆಯಿಟ್ಟ ಮೇಲೆ ಯಾವ ಮೀನೂ ಹಿಂದೆ ಬರುವುದಿಲ್ಲ. ಹಾಳೆ ಓದಲಿಲ್ಲವಾ?"

"ಓದಿದೆ ಮಿಸ್. ಇದೊಂದು ಬರ್ತದೆ."

"ಬರುವುದಿಲ್ಲ. ಅಳಿಸು."

"ಬರ್ತದೆ ಮಿಸ್."

ಎಲ್ಲರೂ ನೋಡುತ್ತಿದ್ದರು. ನಾನು ಅಳಿಸಲಿಲ್ಲ. ಬಹುಮಾನ ನೈಲ್ ನದಿಗೆ ಹೋಯಿತು. ಮಿಸ್ ಡೈರಿಯಲ್ಲಿ 'ಹಟಮಾರಿ' ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ಪಪ್ಪ ಸಹಿ ಹಾಕುತ್ತಾ "ಒಂದು ಮೀನಿಗೆ ಇಷ್ಟು ಜಗಳವಾ ಮಗಾ?" ಎಂದರು. ಆಗ ಹೇಳಿಬಿಡಬಹುದಿತ್ತು. ಡೈರಿ ಮಡಚಿ ಬ್ಯಾಗಿಗೆ ಹಾಕಿದೆ.

ಡಿಸೆಂಬರಿನ ಒಂದು ಬೆಳಿಗ್ಗೆ, ಪಪ್ಪನಿಗೆ ರಜೆ ಇದ್ದ ದಿನ, ಫೋನ್ ಬಂತು. ಪಪ್ಪ ಕುಣಿದರು. "ತಮ್ಮ! ನಿನಗೆ ತಮ್ಮ!" ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಅಮ್ಮ?"

"ಅಮ್ಮನಿಗೆ ಎಂತ? ಆರಾಮುಂಟು. ಇಡ್ಲಿ ತಿಂದಳಂತೆ."

ಫೋನ್ ಕೊಟ್ಟರು. "ಬಾಲೇ..." ಎಂದಳು ಅಮ್ಮ. ಅದೇ ದನಿ, ಸ್ವಲ್ಪ ಸುಸ್ತು, ಅಷ್ಟೇ. ಅಳು ಬರಬೇಕಿತ್ತು, ಕುಣಿಯಬೇಕಿತ್ತು. ನಾನು "ಹೂಂ" ಎಂದೆ. ಆಮೇಲೆ "ಆಯ್ತು" ಎಂದೆ. ಜೋಹರಾ ಆಂಟಿ ಓಡಿ ಬಂದು ಬಾಯಿಗೆ ಸಕ್ಕರೆ ಹಾಕಿದರು. ಅದು ಕರಗುವವರೆಗೂ ನಾನು ಅಲ್ಲಿಯೇ ನಿಂತಿದ್ದೆ.

ಬಾಣಂತನ ಮುಗಿದು, ಮಗುವಿನ ಪಾಸ್‌ಪೋರ್ಟು ವೀಸಾ ಎಲ್ಲ ಆಗಿ ಅಮ್ಮ ಬಂದದ್ದು ಮಾರ್ಚಿನಲ್ಲಿ. ಏರ್‌ಪೋರ್ಟಿನಲ್ಲಿ ಮಗುವನ್ನು ಪಪ್ಪನಿಗೆ ಕೊಟ್ಟು ನನ್ನ ಕಡೆ ಎರಡೂ ಕೈ ಚಾಚಿದಳು. ದಪ್ಪಗಾಗಿದ್ದಳು, ಮೈಯಿಂದ ಬಾಣಂತಿ ಎಣ್ಣೆಯ ವಾಸನೆ. ನಾನು ಹೋದೆ, ಅಪ್ಪಿಕೊಂಡಳು, ನಾನೂ ಅಪ್ಪಿದೆ. ಆದರೆ ಯಾರೋ ನೆಂಟರನ್ನು ಅಪ್ಪಿದ ಹಾಗಿತ್ತು ಅದು, ನನಗೆ ಚೆನ್ನಾಗಿ ನೆನಪಿದೆ. ಮನಸ್ಸಿನಲ್ಲಿ ಅಮ್ಮನನ್ನು ಕಳಿಸಿಕೊಟ್ಟು ಮುಗಿಸಿಬಿಟ್ಟಿದ್ದೆ. ಮತ್ತೆ ಕರೆದುಕೊಳ್ಳುವುದು ಹೇಗೆಂದು ಯಾವ ಹಾಳೆಯಲ್ಲೂ ಬರೆದಿರಲಿಲ್ಲ.

ಈಗ ನಾನು ದೋಹಾದಲ್ಲೇ, ಅಲ್ ಅಜೀಜಿಯಾದಲ್ಲಿದ್ದೇನೆ. ಪಪ್ಪ, ಅಮ್ಮ, ತಮ್ಮ ಎರಡು ಸಿಗ್ನಲ್ ಆಚೆ. ನಮ್ಮ ಹಳೆಯ ಕಟ್ಟಡ ಕೆಡವಿ ಎಷ್ಟೋ ವರ್ಷವಾಯಿತು. ಜೋಹರಾ ಆಂಟಿಯವರು ಉಪ್ಪಿನಂಗಡಿಗೆ ಹೋದರು. ಅವೆಲ್ಲ ಹೋಗಲಿ, ಊರು ಬೆಳೆದರೆ ಹಳೆಯದು ಹೋಗಲೇಬೇಕು. ತಮ್ಮ ಈಗಲೂ ತಲೆನೋವು ಬಂದರೆ ಅಮ್ಮನ ತೊಡೆಯ ಮೇಲೆ ತಲೆ ಇಡುತ್ತಾನೆ, ಆರಡಿ ಗಂಡಸು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಬಾಯಿಬಿಟ್ಟೇ ಹೇಳುತ್ತೇನೆ, ಹೊಟ್ಟೆಕಿಚ್ಚು.

ಕಳೆದ ತಿಂಗಳು ನನಗೆ ಸಣ್ಣದೊಂದು ಆಪರೇಷನ್ ಆಯಿತು. ಒಬ್ಬಳೇ ಹೋಗಿ, ಕಾಗದಕ್ಕೆ ನಾನೇ ಸಹಿ ಹಾಕಿ, ಮೂರನೇ ದಿನ ಮನೆಗೆ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಬಂದಳು. ಬೈಯಲಿಲ್ಲ. ಮಂಚದ ಅಂಚಿನಲ್ಲಿ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು.

"ಚಿಕ್ಕಂದಿನಿಂದಲೂ ನಿನಗೆ ನಾನು ಬೇಡ" ಎಂದಳು. "ನಾನು ಎಂತ ತಪ್ಪು ಮಾಡಿದೆ, ಒಮ್ಮೆ ಹೇಳು ಬಾಲೆ."

"ಎಂಥದ್ದೂ ಇಲ್ಲಮ್ಮ" ಎಂದೆ. ಅಮ್ಮ ಎದ್ದು ನನ್ನ ಅಡುಗೆಮನೆಯ ಬಾಗಿಲವರೆಗೆ ಹೋದಳು. ಆಮೇಲೆ, ಮನೆಗೆ ಬಂದ ನೆಂಟರನ್ನು ಕೇಳುವ ದನಿಯಲ್ಲಿ, "ಚಾ ಕುಡೀತೀಯಾ?" ಎಂದು ಕೇಳಿದಳು.